ಬೈಪಾಸ್ ಪೈಪು ಎಲ್ಲಿಗೆ ಹೋಗುತ್ತದೆ? ಒಂದು ಹಳ್ಳಿಯ ಎಸ್‌ಟಿಪಿ ವಿರೋಧದ ಪ್ರಕರಣ

ಆ ಊರಿನಿಂದ ನನಗೆ ಫೋನ್ ಬಂದಿದ್ದು ಒಂದು ಅರ್ಜಿ ಬರೆದುಕೊಡಿ ಅಂತ. "ಎಸ್‌ಟಿಪಿ ಬೇಡ ಅಂತ ಗಟ್ಟಿಯಾಗಿ ಬರೀಬೇಕು ಸಾರ್" ಅಂದರು. ಎಸ್‌ಟಿಪಿ ಅಂದರೆ ಪಟ್ಟಣದ ಕೊಳಚೆ ನೀರು ಶುದ್ಧ ಮಾಡುವ ಘಟಕ. ಬರೆದುಕೊಟ್ಟೆ. ಆ ಅರ್ಜಿಯಿಂದ ಏನೂ ಆಗಲಿಲ್ಲ. ಆಮೇಲೆ ಎರಡು ವರ್ಷಕ್ಕಿಂತ ಜಾಸ್ತಿ ಅವರ ಜೊತೆ ಓಡಾಡಿದೆ. ಇಂಥದ್ದೇ ಘಟಕ ಬರುತ್ತದೆ ಅಂತ ಪತ್ರ ಕೈಗೆ ಬಂದು ಏನು ಮಾಡೋದು ಅಂತ ಕೂತಿರುವ ಬೇರೆ ಊರುಗಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊರಿನ, ಪಟ್ಟಣದ, ಜನರ ಹೆಸರು ಬರೆದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಅಳತೆ, ವಿವರ ಬದಲಿಸಿದ್ದೇನೆ.

ಊರು ಮತ್ತು ಕಾಲುವೆ

ಬಯಲುಸೀಮೆಯ ಹಳ್ಳಿ. ಸುಮಾರು ನಾನೂರು ಮನೆ. ರಾಗಿ, ಟೊಮೆಟೊ, ಹಿಪ್ಪುನೇರಳೆ, ಕುರಿ. ಮೇಲ್ಗಡೆ ನಾಲ್ಕು ಕಿಲೋಮೀಟರ್ ದೂರದಲ್ಲಿ ತಾಲ್ಲೂಕು ಪಟ್ಟಣ. ಅಲ್ಲಿಂದ ಒಂದು ಹಳೇ ರಾಜಕಾಲುವೆ ಇಳಿದು ಬಂದು ಈ ಊರಿನ ಕೆರೆ ಸೇರುತ್ತದೆ. ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ನಮ್ಮ ಕಡೆಯ ಕೆರೆಗಳು ಹೀಗೆ ಒಂದಕ್ಕೊಂದು ಸರಪಳಿ ಕಟ್ಟಿದ ಹಾಗೆ ಇವೆ. ಕೆರೆ ಅಂಗಳದ ಪಕ್ಕದಲ್ಲೇ ಪಂಚಾಯಿತಿಯ ಕುಡಿಯುವ ನೀರಿನ ಕೊಳವೆಬಾವಿ ಇದೆ.

ಪಟ್ಟಣದಲ್ಲಿ ಒಳಚರಂಡಿ ಇರಲಿಲ್ಲ. ಕೆಲವು ಮನೆಗಳಿಗೆ ಗುಂಡಿ, ಉಳಿದವರ ಪೈಪು ಸೀದಾ ಚರಂಡಿಗೆ. ಅಲ್ಲಿಗೆ ಯುಜಿಡಿ, ಅಂದರೆ ಒಳಚರಂಡಿ ಯೋಜನೆ ಮಂಜೂರಾಯಿತು. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. 35,000 ಜನರಿಗೆ ಇದು ಹೆಚ್ಚು ಕಡಿಮೆ ದಿನಕ್ಕೆ 38 ಲಕ್ಷ ಲೀಟರ್. ಹಾಗಾಗಿ 4 ಎಂಎಲ್‌ಡಿ ಘಟಕ, ಅಂದರೆ ದಿನಕ್ಕೆ 40 ಲಕ್ಷ ಲೀಟರ್ ಶುದ್ಧ ಮಾಡುವಂಥದ್ದು. ಪಟ್ಟಣದ ಒಳಗೆ ಜಾಗ ಸಿಗಲಿಲ್ಲ. ಇಳಿಜಾರು ನೋಡಿ ಈ ಹಳ್ಳಿಯ ಗೋಮಾಳದಲ್ಲಿ ಐದು ಎಕರೆ ಚಿಲ್ಲರೆ ಗುರುತು ಮಾಡಿದರು.

ಊರಿಗೆ ಇದು ಗೊತ್ತಾಗಿದ್ದು ಕುರಿ ಕಾಯುವ ಒಬ್ಬ ಅಜ್ಜನಿಂದ. ಯಾರೋ ಬಂದು ಕಲ್ಲು ನೆಟ್ಟು ಸುಣ್ಣ ಬಳಿದು ಹೋದರು ಅಂತ ಸಂಜೆ ಬಂದು ಹೇಳಿದರು. ಕೇಳಿದಾಗ, ಪಂಚಾಯಿತಿ ಕಚೇರಿಗೆ ನಿರಾಕ್ಷೇಪಣಾ ಪತ್ರ ಕೊಡಿ ಅಂತ ಕಾಗದ ಬಂದು ಆಗಲೇ ಮೂರು ವಾರ ಆಗಿತ್ತು.

ಮೊದಲ ನಾಲ್ಕು ತಿಂಗಳು

ಯಾವ ಊರಾದರೂ ಮಾಡುವುದನ್ನೇ ಮಾಡಿದರು. ರಸ್ತೆ ತಡೆ. ಟ್ರ್ಯಾಕ್ಟರಿನಲ್ಲಿ ಹೋಗಿ ತಾಲ್ಲೂಕು ಕಚೇರಿ ಮುಂದೆ ಧರಣಿ. "ಪೇಟೆಯವರ ಕಕ್ಕಸು ನೀರು ನಮಗೆ ಬೇಡ" ಅಂತ ಬ್ಯಾನರ್. ಸಿಟ್ಟು ನ್ಯಾಯವಾಗಿಯೇ ಇತ್ತು. ಒಂದು ಮಾತು ಕೇಳದೆ ಕಲ್ಲು ನೆಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ?

ಆದರೆ ಈ ನಾಲ್ಕು ತಿಂಗಳಲ್ಲಿ ಭಯ ಜಾಸ್ತಿಯಾಯಿತು, ತಿಳಿವಳಿಕೆ ಜಾಸ್ತಿಯಾಗಲಿಲ್ಲ. ಗಾಳಿಯಲ್ಲೇ ಕಾಲರಾ ಹರಡುತ್ತದೆ ಅಂತ ಯಾರೋ ಹೇಳಿದರು. ಈ ಊರಿಗೆ ಇನ್ನು ಹೆಣ್ಣು ಕೊಡುವವರಿಲ್ಲ ಅನ್ನುವ ಮಾತು ಮನೆ ಮನೆ ಸುತ್ತಿತು. ಆ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಊರಿನ ಹೆಸರಿಗೆ ನಾತ ಅಂಟಿದರೆ ಅದು ನಿಜವಾದ ನಷ್ಟ. ಆದರೆ ಅಧಿಕಾರಿಗಳ ಮುಂದೆ ಕಾಲರಾ ಮಾತು ಎತ್ತಿದಾಗ ಅವರು ನಕ್ಕು, ಉಳಿದ ಸರಿಯಾದ ಮಾತನ್ನೂ ಪಕ್ಕಕ್ಕೆ ಇಟ್ಟರು. ಅವತ್ತು ನಾನೂ ಆ ಕೋಣೆಯಲ್ಲಿದ್ದೆ. ಅರ್ಜಿ ಬರೆಯುವ ಮೊದಲು ಒಂದೊಂದು ಮಾತನ್ನೂ ನಿಜವಾ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಪಂಚಾಯಿತಿ ಒಂದು ಸಾಲಿನ ನಿರ್ಣಯ ಮಾಡಿತು: ಒಪ್ಪಿಗೆ ಇಲ್ಲ. ಇದು ಸರ್ಕಾರಿ ಜಾಗ, ಸಾರ್ವಜನಿಕ ಕೆಲಸ, ಒಪ್ಪಿಗೆ ಬರದಿದ್ದರೂ ಮುಂದುವರಿಯುತ್ತೇವೆ ಅಂತ ಉತ್ತರ ಬಂತು.

ವಕೀಲರು ಹೇಳಿದ್ದು

ಪರಿಚಯದ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಕೇಸು ಹಾಕೋಣ ಅನ್ನಲಿಲ್ಲ. ಮೊದಲು ಕೈಯಲ್ಲಿ ಏನಿದೆ, ಏನಿಲ್ಲ ಅಂತ ಬಿಡಿಸಿ ಹೇಳಿದರು.

ಪರಿಸರ ಇಲಾಖೆಯ ಸಾರ್ವಜನಿಕ ಅಹವಾಲು ಸಭೆ ಮಾಡಲೇಬೇಕು ಅಂತ ಊರಿನವರು ನಂಬಿಕೊಂಡಿದ್ದರು. ಅದು ತಪ್ಪು ಅಂದರು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪಟ್ಟಣದ ಕೊಳಚೆ ಶುದ್ಧೀಕರಣ ಘಟಕ ಇಲ್ಲ. ಕೈಗಾರಿಕೆಗಳ ಸಾಮೂಹಿಕ ತ್ಯಾಜ್ಯ ಘಟಕ ಇದೆ, ಇದು ಇಲ್ಲ. ಹಾಗಾಗಿ ಆ ಬಾಗಿಲು ಮುಚ್ಚಿತ್ತು.

ತೆರೆದಿದ್ದ ಬಾಗಿಲು ಎರಡು. ಒಂದು, 1974ರ ಜಲ ಕಾಯ್ದೆಯ 25ನೇ ಕಲಮು. ಘಟಕ ಕಟ್ಟುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಆ ಸಮ್ಮತಿಗೆ ಷರತ್ತು ಹಾಕಬಹುದು. ಇನ್ನೊಂದು, ಗೋಮಾಳ. ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಇರಬೇಕು. ಜಿಲ್ಲಾಧಿಕಾರಿ ಅದನ್ನು ಕಡಿಮೆ ಮಾಡಬಹುದು. ಊರಿನ ಆಸ್ತಿಯನ್ನು ಬೇರೆ ಕೆಲಸಕ್ಕೆ ಸುಮ್ನೆ ಬಿಟ್ಟುಕೊಡಬಾರದು ಅಂತ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. "ಇದು ಅವರನ್ನ ತಡೆಯೋ ಬೀಗ ಅಲ್ಲ. ಕೂತು ಉತ್ತರ ಕೊಡೋ ಹಾಗೆ ಮಾಡುತ್ತೆ, ಅಷ್ಟೇ" ಅಂದರು ವಕೀಲರು.

ಅವತ್ತೇ ಎರಡು ಕೆಲಸ ಶುರುವಾಯಿತು. ಪಶು ಆಸ್ಪತ್ರೆಯಿಂದ ಊರಿನ ಜಾನುವಾರು ಲೆಕ್ಕ ತರಿಸಿದೆವು. ಇರುವ ದನಕ್ಕೇ ಗೋಮಾಳ ಸಾಲುತ್ತಿರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಡಿಪಿಆರ್ (ಯೋಜನೆಯ ವಿವರವಾದ ವರದಿ), ನಕ್ಷೆ, ಜಾಗ ಆರಿಸಿದ ವರದಿ ಕೇಳಿದೆವು. ಮೂವತ್ತು ದಿನ ಕಳೆದರೂ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು.

"ನಮ್ಮ ಕೇರಿ ಊರಲ್ವಾ?"

ಕಾಗದ ಬರುವ ಮೊದಲೇ ಒಂದು ಗ್ರಾಮಸಭೆ ನಡೆಯಿತು. ಶಾಲೆಯ ಆವರಣದಲ್ಲಿ. ಬರೀ ಬೇಡ ಅಂದರೆ ಕೇಳುವುದಿಲ್ಲ, ಬದಲಿ ಜಾಗ ತೋರಿಸೋಣ ಅಂತ ಮುಖಂಡರು ಒಂದು ಸರ್ವೆ ನಂಬರ್ ಹುಡುಕಿ ತಂದಿದ್ದರು. ಖರಾಬು ಜಾಗ. ಊರಿಂದ ಒಂದೂವರೆ ಕಿಲೋಮೀಟರ್ ದೂರ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಹಿಂದೆ ನಿಂತಿದ್ದ ಕಾಲೋನಿಯ ಅಂಗನವಾಡಿ ಕಾರ್ಯಕರ್ತೆ ಎದ್ದು ಕೇಳಿದರು: "ಗೌಡ್ರೇ, ಊರಿಂದ ದೂರ ಅಂತೀರಲ್ಲ. ನಮ್ಮ ಕೇರಿಗೆ ಎಷ್ಟು ದೂರ ಅಂತ ನೋಡಿದ್ರಾ? ನಮ್ಮ ಕೇರಿ ಊರಲ್ವಾ?"

ದಲಿತರ ಕಾಲೋನಿಯ ಕೊನೇ ಮನೆಯಿಂದ ಆ ಜಾಗಕ್ಕೆ ಇನ್ನೂರು ಮೀಟರ್ ಕೂಡ ಇರಲಿಲ್ಲ. ಯಾರೂ ಮಾತಾಡಲಿಲ್ಲ. ಒಬ್ಬರು "ಸರ್ಕಾರಿ ಜಾಗ ಇರೋದು ಅಲ್ಲೇ ತಾನೇ, ಏನ್ ಮಾಡಕಾಗುತ್ತೆ" ಅಂದರು. ಕುರಿ ಕಾಯುವ ಅಜ್ಜ ಅಲ್ಲೇ ಇದ್ದರು. "ಮಳೆಗಾಲದಾಗೆ ಗಾಳಿ ಯಾವ ಕಡೆಯಿಂದ ಬತ್ತದೆ? ಪಡುವಲಿಂದ. ಆ ಖರಾಬು ಇರೋದು ಕೇರಿಯ ಪಡುವಲಿಗೆ. ರಾಗಿ ತೂರೋ ಮುಂಚೆ ಗಾಳಿ ನೋಡ್ತೀವಿ. ಇದಕ್ಕೆ ನೋಡ್ಬ್ಯಾಡವಾ?" ಅಂದರು.

ಸಭೆ ಹಾಗೇ ಮುಗಿಯಿತು. ಒಪ್ಪಂದ ಆಗಲಿಲ್ಲ. ಮರುದಿನ ಪಂಚಾಯಿತಿ ಅಧ್ಯಕ್ಷರು ಇಬ್ಬರು ಹಿರಿಯರ ಜೊತೆ ಕಾಲೋನಿಗೆ ಹೋದರು. ಅಲ್ಲಿನ ಮನೆ ಜಗಲಿಯಲ್ಲಿ ಕೂತು, ಆ ಸರ್ವೆ ನಂಬರ್ ವಾಪಸ್ ತಗೊಂಡೆವು ಅಂದರು. ಕಾಲೋನಿಯವರು ಮೂವರು ಊರಿನ ಹೋರಾಟ ಸಮಿತಿಗೆ ಬಂದರು. ಇನ್ನು ಮೇಲೆ ಯಾವ ಜಾಗದ ಮಾತಾದರೂ ಕಾಲೋನಿಯ ಕೊನೇ ಮನೆಯಿಂದಲೂ ಅಳತೆ ಹಿಡಿಯಬೇಕು, ಗಾಳಿ ಯಾವ ಕಡೆ ಅಂತ ಬರೆಯಬೇಕು ಅಂತ ತೀರ್ಮಾನವಾಯಿತು.

ಇಡೀ ಪ್ರಕರಣದಲ್ಲಿ ನಿಜವಾದ ತಿರುವು ಇದೇ ಅಂತ ನನ್ನ ಅನಿಸಿಕೆ. ಪಟ್ಟಣ ನಮಗೆ ಮಾಡಿದ್ದನ್ನೇ ನಾವು ನಮ್ಮ ಕಾಲೋನಿಗೆ ಮಾಡಲು ಹೊರಟಿದ್ದೆವು. ನಕ್ಷೆ ಮೇಲೆ ಖಾಲಿ ಕಂಡ ಜಾಗ ಯಾರ ಮನೆ ಬಾಗಿಲು ಅಂತ ಕೇಳಿರಲಿಲ್ಲ. ಆ ಸರ್ವೆ ನಂಬರ್ ಬರೆದು ಜಿಲ್ಲಾಧಿಕಾರಿಗೆ ಕೊಟ್ಟಿದ್ದರೆ ಘಟಕ ಅಲ್ಲೇ ಬರುತ್ತಿತ್ತು. ನಾವು ಗೆದ್ದೆವು ಅಂತ ಸಿಹಿ ಹಂಚುತ್ತಿದ್ದೆವೋ ಏನೋ.

ಎರಡು ಘಟಕ, ಒಂದೇ ಯಂತ್ರ

ಘಟಕವನ್ನೇ ನೋಡದೆ ಮಾತಾಡುತ್ತಿದ್ದೇವೆ ಅಂತ ಯಾರೋ ಹೇಳಿದರು. ಎರಡು ಟೆಂಪೊ ಮಾಡಿಕೊಂಡು ಬೇರೆ ಬೇರೆ ಪಟ್ಟಣದ ಎರಡು ಘಟಕ ನೋಡಿ ಬಂದೆವು. ಹೆಂಗಸರು ಅರ್ಧಕ್ಕಿಂತ ಜಾಸ್ತಿ ಇದ್ದರು.

ಎರಡೂ ಎಸ್‌ಬಿಆರ್ ಘಟಕಗಳು. ಒಂದೇ ತೊಟ್ಟಿಗೆ ಕೊಳಚೆ ತುಂಬಿಸುತ್ತಾರೆ, ಗಾಳಿ ಊದುತ್ತಾರೆ, ಸೂಕ್ಷ್ಮಾಣುಗಳು ಕೊಳೆ ತಿನ್ನುತ್ತವೆ, ಊದುವುದು ನಿಲ್ಲಿಸಿದರೆ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ನೀರು ಹೊರಗೆ ಬಿಡುತ್ತಾರೆ. ಗಾಳಿ ಊದಲು ಕರೆಂಟ್ ಬೇಕು. ತುಂಬಾ ಹೊತ್ತು ಗಾಳಿ ಇಲ್ಲದಿದ್ದರೆ ಆ ಸೂಕ್ಷ್ಮಾಣುಗಳು ಸಾಯುತ್ತವೆ, ನಾತ ಶುರುವಾಗುತ್ತದೆ.

ಮೊದಲನೇ ಘಟಕದಲ್ಲಿ ಜನರೇಟರ್ ಕೋಣೆಗೆ ಬೀಗ ಹಾಕಿತ್ತು. ಕೆಸರು ಒಣಗಿಸುವ ಜಾಗದಲ್ಲಿ ಆಳೆತ್ತರ ಹುಲ್ಲು. ಕೊಳಚೆ ಒಳಗೆ ಬರುವ ತೊಟ್ಟಿ ಹತ್ತಿರ ನಿಲ್ಲಲು ಆಗಲಿಲ್ಲ. ಅಲ್ಲಿದ್ದ ಹುಡುಗ ಪಾಪ ನಿಜ ಹೇಳಿದ: "ಕರೆಂಟ್ ಹೋದ್ರೆ ವಾಲ್ವ್ ತಿರುಗಿಸ್ತೀವಿ ಅಕ್ಕ, ನೀರು ಹಂಗೇ ಹಳ್ಳಕ್ಕೆ ಹೋಗುತ್ತೆ." ಎರಡನೇ ಘಟಕದಲ್ಲಿ ಹತ್ತಿರ ಹೋದರೆ ಮಾತ್ರ ವಾಸನೆ. ಪಕ್ಕದ ರೈತರು ಆ ನೀರನ್ನು ಮೇವಿನ ಜೋಳಕ್ಕೆ ಕಟ್ಟುತ್ತಿದ್ದರು. ಡೀಸೆಲ್ ಎಷ್ಟು ಬಂತು, ಎಷ್ಟು ಉರೀತು ಅಂತ ಒಂದು ಪುಸ್ತಕ ಬರೆದಿಟ್ಟಿದ್ದರು.

ವಾಪಸ್ ಬರುವಾಗ ಟೆಂಪೊದಲ್ಲಿ ಜಗಳವೇ ಆಯಿತು. ಅರ್ಧ ಜನ "ನೋಡಿದ್ರಲ್ಲ, ಹೆಂಗೆ ನಾರ್ತಿತ್ತು" ಅಂದರು. ಇನ್ನರ್ಧ ಜನ "ಎರಡನೇದು ನಾರ್ತಿರ್ಲಿಲ್ವಲ್ಲ" ಅಂದರು. ಕೋಲಾರದ ಮಾತೂ ಬಂತು. ಬೆಂಗಳೂರಿನ ಶುದ್ಧ ಮಾಡಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಂದಾಗ, 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಹೈಕೋರ್ಟು ತಡೆ ಕೊಟ್ಟಿತ್ತು. ಆಮೇಲೆ ಯೋಜನೆ ಮುಂದುವರಿಯಿತು. ಭಯ ಇದ್ದವರು ನೊರೆ ನೆನಪು ಮಾಡಿದರು, ನೀರು ಬೇಕಾದವರು ತುಂಬಿದ ಕೆರೆ ನೆನಪು ಮಾಡಿದರು.

ಆಗ ಟೆಂಪೊದಲ್ಲಿದ್ದ ಒಬ್ಬ ಅಜ್ಜಿ ಹೇಳಿದ ಮಾತು ಎಲ್ಲರನ್ನೂ ಸುಮ್ಮನಾಗಿಸಿತು. "ಈಗೇನು ನಮ್ಮ ಕೆರೇಗೆ ಗಂಗೆ ಬರ್ತೈತಾ? ಅದೇ ನೀರೇ ಅಲ್ವಾ ಬರೋದು, ತೊಳೀದಂಗೆ?" ನಿಜ. ಪಟ್ಟಣದ ಕೊಳಚೆ ಹತ್ತಾರು ವರ್ಷದಿಂದ ಕಾಲುವೆ ಹಿಡಿದು ಈ ಕೆರೆಗೇ ಬರುತ್ತಿತ್ತು. ಘಟಕ ಬೇಡ ಅಂದು ಗೆದ್ದರೆ ಅದು ಹಾಗೇ ಬರುತ್ತಲೇ ಇರುತ್ತದೆ. ನಾವು ಯಾರೂ ಅಷ್ಟು ದಿನ ಈ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಚುಕ್ಕೆ ಗೆರೆ

ನಕ್ಷೆಗಳು ಬಂದಾಗ ಓದಲು ಕೂತವನು ಸಿವಿಲ್ ಡಿಪ್ಲೊಮಾ ಓದುತ್ತಿದ್ದ ಊರಿನ ಹುಡುಗ. ಕಾಗದದ ಮೇಲೆ ಘಟಕ ಚೆನ್ನಾಗಿಯೇ ಇತ್ತು. ನೀರಿನ ಕೊಳೆ ಅಳೆಯುವ ಬಿಒಡಿ ಅಂತ ಒಂದು ಲೆಕ್ಕ ಇದೆ. ಕಚ್ಚಾ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 200 ಮಿಲಿಗ್ರಾಂ ಮೇಲೆ ಇರುತ್ತದೆ. 2017ರ ಕೇಂದ್ರದ ನಿಯಮ ಸಣ್ಣ ಪಟ್ಟಣಗಳಿಗೆ 30ರ ತನಕ ಬಿಟ್ಟಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ 10ಕ್ಕೆ ಇಳಿಸಬೇಕು ಅಂತು. ಈ ಡಿಪಿಆರ್‌ನಲ್ಲಿ 10 ಅಂತಲೇ ಇತ್ತು.

ಹುಡುಗನ ಬೆರಳು ನಿಂತಿದ್ದು ಒಂದು ಚುಕ್ಕೆ ಗೆರೆಯ ಮೇಲೆ. ಕೊಳಚೆ ಒಳಗೆ ಬರುವ ತೊಟ್ಟಿಯಿಂದ ಹೊರಟು, ಘಟಕವನ್ನು ಬಳಸಿಕೊಂಡು, ರಾಜಕಾಲುವೆಗೆ ಸೇರುತ್ತಿತ್ತು. ಬೈಪಾಸ್ ಪೈಪು. ನಾವು ನೋಡಿದ ಮೊದಲನೇ ಘಟಕದ ಹುಡುಗ ತಿರುಗಿಸುತ್ತೇನೆ ಅಂದಿದ್ದ ವಾಲ್ವು.

ಜಾಗದಲ್ಲೇ ಎಂಜಿನಿಯರ್ ಜೊತೆ ಒಂದು ಭೇಟಿ ಏರ್ಪಾಟಾಯಿತು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಹುಡುಗ ನಕ್ಷೆ ಬಿಚ್ಚಿ ಕೇಳಿದ. "ಸಾರ್, ಈ ಬೈಪಾಸ್ ಎಲ್ಲಿಗೆ ಹೋಗುತ್ತೆ?"

"ಎಲ್ಲಾ ಪ್ಲಾಂಟಿಗೂ ಇರುತ್ತಪ್ಪ ಅದು. ರಾಜಕಾಲುವೆಗೆ."

"ಕಾಲುವೆ ಎಲ್ಲಿಗೆ ಹೋಗುತ್ತೆ ಸಾರ್?"

"ಕೆರೆಗೆ."

"ಕುಡಿಯೋ ನೀರಿನ ಬೋರ್ ಈ ನಕ್ಷೆಯಲ್ಲಿ ಎಲ್ಲಿದೆ?"

ನಕ್ಷೆಯಲ್ಲಿ ಅದು ಇರಲೇ ಇಲ್ಲ. ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ನಡೀರಿ ತೋರಿಸಿ ಅಂದರು. ಕೆರೆ ಏರಿ ಮೇಲೆ ನಡೆದು ಬೋರ್ ನೋಡಿದರು. ಇವತ್ತು ಕೊಳಚೆ ಕಾಲುವೆಯ ಉದ್ದಕ್ಕೂ ಇಂಗಿ, ಚೆಲ್ಲಿ, ಮಳೆ ನೀರಿನ ಜೊತೆ ಬೆರೆತು ಬರುತ್ತದೆ. ಯುಜಿಡಿ ಆದ ಮೇಲೆ ಇಡೀ ಪಟ್ಟಣದ್ದು ಒಂದೇ ಪೈಪಿನಲ್ಲಿ ಬಂದು, ಕರೆಂಟ್ ಇಲ್ಲದ ದಿನ ಒಟ್ಟಿಗೆ ಕೆರೆಗೆ ಬೀಳುತ್ತಿತ್ತು. ಅಧಿಕಾರಿಗಳಲ್ಲಿ ಎಲ್ಲರೂ ಕೆಟ್ಟವರಲ್ಲ. ಈ ಮನುಷ್ಯ ಮುಂದಿನ ಸಭೆಯಲ್ಲಿ ಜಿಲ್ಲಾಧಿಕಾರಿ ಎದುರು ನಮ್ಮ ಪರವಾಗಿ ಈ ಒಂದು ವಿಷಯ ಸ್ಪಷ್ಟವಾಗಿ ಹೇಳಿದರು.

ಕೋಡಿಯ ಕೆಳಗೆ

ಊರು ಕೊಟ್ಟ ಹೊಸ ಮನವಿ ಎರಡು ಪುಟ. ಘಟಕ ಕೆರೆ ಕೋಡಿಯಿಂದ ಕೆಳಗೆ ಬರಲಿ. ಊರು, ಕಾಲೋನಿ ಎರಡೂ ಕಡೆಯ ಕೊನೇ ಮನೆಯಿಂದ ಎಷ್ಟು ದೂರ ಅಂತ ಬರೆಯಲಿ. ಬೈಪಾಸ್ ಯಾವ ಕಾಲುವೆಗೂ ಸೇರಬಾರದು, ಹನ್ನೆರಡು ಗಂಟೆಯ ಕೊಳಚೆ ಹಿಡಿಯುವ ಒಂದು ಹೊಂಡ ಇರಲಿ. 4 ಎಂಎಲ್‌ಡಿಗೆ ಅದು 20 ಲಕ್ಷ ಲೀಟರ್. ತಿಂಗಳಿಗೊಮ್ಮೆ ನೀರಿನ ಪರೀಕ್ಷೆಯ ಫಲಿತಾಂಶ ಪಂಚಾಯಿತಿ ಬೋರ್ಡಿನಲ್ಲಿ ಬರಲಿ. ಇದೆಲ್ಲ ಮಂಡಳಿಯ ಸಮ್ಮತಿಯ ಷರತ್ತಾಗಲಿ. ಕೆಳಗೆ ಹೋದರೆ ಇಳಿಜಾರಿನಲ್ಲೇ ನೀರು ಬರುತ್ತದೆ, ಪಂಪಿನ ಕರೆಂಟ್ ಉಳಿಯುತ್ತದೆ ಅಂತ ಎಂಜಿನಿಯರ್ ಲೆಕ್ಕ ಕೊಟ್ಟರು. ಪೈಪಿನ ಖರ್ಚು ಜಾಸ್ತಿ, ನಡೆಸುವ ಖರ್ಚು ಕಡಿಮೆ. ಮಾತು ದಾರಿಗೆ ಬಂತು.

ಇಲ್ಲಿ ಮತ್ತೆ ಅದೇ ತಪ್ಪು ಮಾಡಿದೆವು. ಕೋಡಿಯ ಕೆಳಗೆ ಅಂದರೆ ಕೆಳಗಿನ ಊರಿನ ಕೆರೆಯ ಮೇಲ್ಗಡೆ. ಅವರನ್ನು ಯಾರೂ ಕರೆದಿರಲಿಲ್ಲ. ಕಾಲೋನಿಯ ವಿಷಯದಲ್ಲಿ ಕಲಿತಿದ್ದೆವು ಅಂದುಕೊಂಡಿದ್ದೆವು. ಊರಿನ ಗಡಿ ದಾಟಿದ ತಕ್ಷಣ ಮರೆತುಬಿಟ್ಟೆವು. ಅವರು ಸಿಟ್ಟಿನಲ್ಲಿ ಬಂದರು, ನ್ಯಾಯವಾದ ಸಿಟ್ಟು. ನಾಲ್ಕು ತಿಂಗಳು ಹೋಯಿತು. ಕೊನೆಗೆ ಅವರ ಕೆರೆಯ ಹತ್ತಿರ ಕುಡಿಯುವ ನೀರಿನ ಬೋರ್ ಇಲ್ಲ ಅಂತ ಇಬ್ಬರೂ ಕೂಡಿ ನೋಡಿ, ಶುದ್ಧ ಮಾಡಿದ ನೀರಿನಲ್ಲಿ ಅವರ ಅಚ್ಚುಕಟ್ಟಿಗೆ ಮೊದಲ ಪಾಲು ಅಂತ ಬರೆದು, ಹೊಂಡದ ಷರತ್ತಿಗೆ ಅವರ ಪಂಚಾಯಿತಿಯೂ ಸಹಿ ಹಾಕಿ ಮುಗಿಯಿತು. ಆ ಊರಿನ ಕೆಲವರು ಇವತ್ತಿಗೂ ನಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಈ ಪ್ರಕರಣ ಓದುವ ಬೇರೆ ಊರಿನವರಿಗೆ ಎರಡು ಮಾತು ಹೇಳಬೇಕು. ಡಿಪಿಆರ್ ಕೈಗೆ ಬಂದ ದಿನ, ಘಟಕ ಕೆಲಸ ಮಾಡುವ ದಿನದ ಲೆಕ್ಕ ಬಿಟ್ಟು ಕೆಟ್ಟ ದಿನದ ಲೆಕ್ಕ ಹುಡುಕಿ. ಬೈಪಾಸ್, ಜನರೇಟರ್, ಡೀಸೆಲ್ ಯಾರು ಕೊಡುತ್ತಾರೆ, ಗುತ್ತಿಗೆದಾರನ ನಿರ್ವಹಣೆ ಅವಧಿ ಮುಗಿದ ಮೇಲೆ ಯಾರು. ನೀವು ಬೇರೆ ಜಾಗ ತೋರಿಸುವ ಮೊದಲು ಆ ಜಾಗಕ್ಕೆ ಹೋಗಿ ನಿಂತು, ಅಲ್ಲಿಂದ ಕಾಣುವ ಪ್ರತಿ ಮನೆಯವರನ್ನೂ ಸಭೆಗೆ ಕರೆಯಿರಿ. ಕಾಲೋನಿಯಾಗಲಿ, ತೋಟದ ಮನೆಯಾಗಲಿ, ಕೆಳಗಿನ ಊರಾಗಲಿ.

ಈಗ

ಘಟಕ ಆಯಿತು. ಗೋಮಾಳ ಉಳಿಯಿತು. ಅಜ್ಜನ ಕುರಿ ಅಲ್ಲೇ ಮೇಯುತ್ತವೆ, ಸುಣ್ಣ ಬಳಿದ ಕಲ್ಲು ಇನ್ನೂ ಹಾಗೇ ನಿಂತಿದೆ. ಆದರೆ ಕೆರೆಗೆ ಕೊಳಚೆ ಬರುವುದು ಪೂರ್ತಿ ನಿಂತಿಲ್ಲ. ಪಟ್ಟಣದಲ್ಲಿ ದೊಡ್ಡ ಪೈಪು ಹಾಕಿದ್ದಾರೆ, ಮನೆಗಳಿಂದ ಅದಕ್ಕೆ ಸಂಪರ್ಕ ಇನ್ನೂ ಅರ್ಧದಷ್ಟೂ ಆಗಿಲ್ಲ. ಘಟಕಕ್ಕೆ ಸಾಕಷ್ಟು ಕೊಳಚೆ ಬರುತ್ತಿಲ್ಲ, ಕಾಲುವೆಯಲ್ಲಿ ಮಾತ್ರ ಹರಿಯುತ್ತಲೇ ಇದೆ. ಎರಡು ಪಂಚಾಯಿತಿಯವರೂ ಸೇರಿ ಪುರಸಭೆಗೆ ವಾರ್ಡುವಾರು ಸಂಪರ್ಕದ ಪಟ್ಟಿ ಕೇಳಿದ್ದಾರೆ. ಮೊದಲ ಸಲ ಊರಿನವರು ಪಟ್ಟಣಕ್ಕೆ ಹೋಗಿ, ಬೇಗ ಸಂಪರ್ಕ ಕೊಡಿ ಅಂತ ಒತ್ತಾಯ ಮಾಡುತ್ತಿದ್ದಾರೆ.

ಪಂಚಾಯಿತಿ ಗೋಡೆಯ ಕಪ್ಪು ಬೋರ್ಡಿನಲ್ಲಿ ತಿಂಗಳ ಫಲಿತಾಂಶ ಬರೆಯುವ ಕೆಲಸ ಆ ಅಂಗನವಾಡಿ ಕಾರ್ಯಕರ್ತೆ ವಹಿಸಿಕೊಂಡಿದ್ದಾರೆ. ಹೋದ ತಿಂಗಳ ಜಾಗ ಖಾಲಿ ಇದೆ. ವರದಿ ಬಂದಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಅವರು ಅರ್ಜಿ ಹಾಕಿದ ದಿನಾಂಕ ಬರೆದಿದ್ದಾರೆ.